ಲೈಂಗಿಕ ವೃತ್ತಿ ಬಿಟ್ಟು ಬೇರೆ ಉದ್ಯೋಗಕ್ಕೆ ಹೋಗಬಯಸುವ ಮಹಿಳೆಯರಿಗಾಗಿ ಸಂಸ್ಥೆ ನಡೆಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಒಂದು ಹೊಲಿಗೆ ಯಂತ್ರ ಕೊಟ್ಟು, ಫೋಟೊ ತೆಗೆಸಿ, ಪುನರ್ವಸತಿ ಆಯಿತು ಎಂದು ವರದಿ ಬರೆಯುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಎಷ್ಟೋ ಸಲ ಆ ಯಂತ್ರ ಕೆಲವೇ ತಿಂಗಳಲ್ಲಿ ಮಾರಾಟವಾಗಿರುತ್ತದೆ. ಇದರಲ್ಲಿ ಆ ಹೆಣ್ಣುಮಗಳ ತಪ್ಪೇನೂ ಇಲ್ಲ. ರವಿಕೆ ಹೊಲಿದು ಬರುವ ದುಡ್ಡಿನಲ್ಲಿ ಮನೆ ಬಾಡಿಗೆ, ಮಕ್ಕಳ ಫೀಸು, ಸಾಲದ ಬಡ್ಡಿ ಮೂರನ್ನೂ ನಿಭಾಯಿಸಲು ಆಗುವುದಿಲ್ಲ.

2011ರಲ್ಲಿ ಹೊರಬಂದ ಒಂದು ದೊಡ್ಡ ಸಮೀಕ್ಷೆ ದೇಶದ ಹಲವು ರಾಜ್ಯಗಳಲ್ಲಿ ಈ ವೃತ್ತಿಯಲ್ಲಿರುವ ಸುಮಾರು 3000 ಮಹಿಳೆಯರನ್ನು ಮಾತಾಡಿಸಿತ್ತು. ಅವರಲ್ಲಿ ಬಹಳಷ್ಟು ಮಂದಿ ಮೊದಲೇ ಕೂಲಿ, ಮನೆಗೆಲಸದಂಥ ಕಡಿಮೆ ಸಂಬಳದ ಕೆಲಸಗಳನ್ನು ಮಾಡಿ ನೋಡಿದವರು. ಅಂದರೆ ಯಾವ ಕೆಲಸದಲ್ಲಿ ಬದುಕು ಸಾಗದೆ ಅವರು ಇತ್ತ ಬಂದರೋ, ಅದೇ ಕೆಲಸಕ್ಕೆ ನಾವು ಅವರನ್ನು ವಾಪಸ್ ಕಳಿಸುತ್ತಿದ್ದೇವೆ. ಹೀಗೆ ಮಾಡಿದರೆ ಯಾರಾದರೂ ಉಳಿಯುತ್ತಾರಾ?

ತಾನೇ ಬಯಸಿ ಬೇರೆ ಕೆಲಸಕ್ಕೆ ಹೋಗುವ ಮಹಿಳೆಯ ಜೊತೆ, ತಿಂಗಳ ಸಂಬಳ, ಪಿಎಫ್, ಇಎಸ್ಐ ಇರುವ ಉದ್ಯೋಗ ಸಿಗುವ ತನಕ, ಅದರ ನಂತರವೂ ನಿಲ್ಲುವ ಸಂಸ್ಥೆ ಕಟ್ಟಬೇಕು ಅನ್ನುವವರಿಗೆ ಈ ಬರಹ. ಉದಾಹರಣೆಗಳು ಬಹುಪಾಲು ಕರ್ನಾಟಕದವು.

1. ಯಾರ ಜೊತೆ ಕೆಲಸ ಮಾಡುತ್ತೀರಿ ಎಂದು ಮೊದಲೇ ತೀರ್ಮಾನಿಸಿ

ಎಲ್ಲರ ಪರಿಸ್ಥಿತಿ ಒಂದೇ ಅಲ್ಲ. ಕಾನೂನೂ ಎಲ್ಲರನ್ನೂ ಒಂದೇ ರೀತಿ ನೋಡುವುದಿಲ್ಲ.

18 ವರ್ಷ ತುಂಬದ ಹುಡುಗಿ ಸಿಕ್ಕರೆ ಅದು ನಿಮ್ಮ ಯೋಜನೆಯ ವಿಷಯವೇ ಅಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದ ಕೂಡಲೇ ತಿಳಿಸುವುದು ಕಡ್ಡಾಯ. ಪೊಲೀಸರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿ. ಸುಮ್ನೆ ಕಚೇರಿಯಲ್ಲಿ ಇಟ್ಟುಕೊಂಡು ಕಂಪ್ಯೂಟರ್ ಕಲಿಸುತ್ತೇವೆ ಅನ್ನಬೇಡಿ.

ವಯಸ್ಕಳೇ ಆದರೂ ಮೋಸದಿಂದ ಅಥವಾ ಬಲವಂತದಿಂದ ತಂದು ಕೂಡಿಹಾಕಿದ್ದರೆ ಅದು ಮಾನವ ಕಳ್ಳಸಾಗಣೆ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಅನ್ವಯಿಸುತ್ತದೆ. ಪೊಲೀಸರು, 112, ಮಹಿಳಾ ಸಹಾಯವಾಣಿ 181 ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕವೇ ಹೋಗಿ. ನೀವೇ ದಾಳಿಗೆ ಇಳಿದರೆ ಆಕೆಯ ಜೀವಕ್ಕೂ ನಿಮ್ಮ ಸಿಬ್ಬಂದಿಯ ಜೀವಕ್ಕೂ ಅಪಾಯ.

ತನ್ನ ತೀರ್ಮಾನದಿಂದಲೇ ಈ ಕೆಲಸದಲ್ಲಿರುವ ವಯಸ್ಕ ಮಹಿಳೆಯ ವಿಷಯ ಬೇರೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ವೇಶ್ಯಾಗೃಹ ನಡೆಸುವುದು, ಆಕೆಯ ದುಡಿಮೆಯಲ್ಲಿ ಬದುಕುವುದು, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿ ಕರೆಯುವುದು ಇಂಥವನ್ನು ಅಪರಾಧ ಎನ್ನುತ್ತದೆ. ವಯಸ್ಕಳೊಬ್ಬಳು ಈ ವೃತ್ತಿಯಲ್ಲಿ ಇರುವುದನ್ನೇ ಅಪರಾಧ ಎನ್ನುವುದಿಲ್ಲ. 2022ರ ಮೇ 19ರಂದು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ನಿರ್ದೇಶನಗಳನ್ನು ಕೊಟ್ಟಿದೆ: ಈ ಮಹಿಳೆಯರನ್ನು ಗೌರವದಿಂದ ನಡೆಸಿಕೊಳ್ಳಬೇಕು, ದಾಳಿ ವೇಳೆ ಅವರ ಗುರುತನ್ನು ಮಾಧ್ಯಮಗಳು ಬಯಲು ಮಾಡಬಾರದು, ಇಷ್ಟವಿಲ್ಲದೆ ರಕ್ಷಣಾ ಗೃಹಗಳಲ್ಲಿ ಇರುವ ವಯಸ್ಕ ಮಹಿಳೆಯರ ಪ್ರಕರಣಗಳನ್ನು ಪರಿಶೀಲಿಸಿ ಬಿಡುಗಡೆ ಮಾಡಬೇಕು. ಈ ಆದೇಶದ ಪ್ರತಿ ನಿಮ್ಮ ಪ್ರತಿ ಕ್ಷೇತ್ರ ಕಾರ್ಯಕರ್ತೆಯ ಚೀಲದಲ್ಲಿ ಇರಲಿ. ಠಾಣೆಯಲ್ಲಿ ಮಾತಾಡುವಾಗ ಕೆಲಸಕ್ಕೆ ಬರುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಕೆಲಸ ಮಾಡುವವರಿಗೆ ಮಾಜಿ ದೇವದಾಸಿಯರು ಸಿಗುತ್ತಾರೆ. ದೇವರಿಗೆ ಬಿಡುವ ಪದ್ಧತಿಯನ್ನು 1982ರ ಕಾಯ್ದೆಯೇ ನಿಷೇಧಿಸಿತು. 1993-94 ಮತ್ತು 2007-08ರ ಸಮೀಕ್ಷೆಗಳ ಪಟ್ಟಿಯಲ್ಲಿ ಹೆಸರಿದ್ದವರಿಗೆ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದಿಂದ ಮಾಸಾಶನ, ವಸತಿಯಂಥ ಸೌಲಭ್ಯಗಳಿವೆ. ಮೊದಲು ಹೆಸರು ಪಟ್ಟಿಯಲ್ಲಿದೆಯೇ ನೋಡಿ.

2. ನೋಂದಣಿಗೆ ಮುಂಚೆ ಕೇಳಿಸಿಕೊಳ್ಳಿ

ಈ ಹೆಜ್ಜೆಯನ್ನು ಜಾಸ್ತಿ ಜನ ಹಾರಿಬಿಡುತ್ತಾರೆ. ನಮ್ಮ ರಾಜ್ಯದಲ್ಲಿ ಈ ಮಹಿಳೆಯರೇ ಕಟ್ಟಿಕೊಂಡ ಸಂಘಟನೆಗಳಿವೆ. ಮೈಸೂರಿನಲ್ಲಿ ಆಶೋದಯ ಸಮಿತಿ ಇದೆ. ಕರ್ನಾಟಕ ಸೆಕ್ಸ್ ವರ್ಕರ್ಸ್ ಯೂನಿಯನ್ ಇದೆ. ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರ ‘ಮಾಸ್’ ಸಂಸ್ಥೆ ಇದೆ. ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಯೋಜನೆಗಳಲ್ಲಿ ದುಡಿಯುವ ಪೀರ್ ಎಜುಕೇಟರ್‌ಗಳು, ಅಂದರೆ ಇದೇ ಸಮುದಾಯದ ಆರೋಗ್ಯ ಕಾರ್ಯಕರ್ತೆಯರು, ಬಹಳಷ್ಟು ಜಿಲ್ಲೆಗಳಲ್ಲಿ ಇದ್ದಾರೆ. ಮೊದಲು ಇವರ ಬಳಿ ಹೋಗಿ. ಕೆಲವು ತಿಂಗಳು ಅವರ ಸಭೆಗಳಲ್ಲಿ ಹಿಂದೆ ಕುಳಿತು ಕೇಳಿ.

ಅಲ್ಲಿ ಕೆಲವರು ‘ನಮಗೆ ಬೇರೆ ಕೆಲಸ ಬೇಡ, ಪೊಲೀಸರ ಕಾಟ ತಪ್ಪಿದರೆ ಸಾಕು’ ಅನ್ನುತ್ತಾರೆ. ಅವರಿಗೆ ಬುದ್ಧಿ ಹೇಳುವುದು ನಿಮ್ಮ ಕೆಲಸ ಅಲ್ಲ. ಬೇರೆ ಕೆಲಸ ಬೇಕು ಅನ್ನುವವರು ತಾವಾಗಿ ಬರುತ್ತಾರೆ, ನಿಮ್ಮ ನಡವಳಿಕೆ ನೋಡಿಕೊಂಡು ಬರುತ್ತಾರೆ.

ಇಲ್ಲಿಯೇ ಒಂದು ನಿಯಮ ಬರೆದಿಡಿ: ‘ನಾಳೆಯಿಂದ ಬಿಟ್ಟರೆ ಮಾತ್ರ ಸಹಾಯ’ ಎಂಬ ಷರತ್ತು ಹಾಕುವುದಿಲ್ಲ. ಈ ಷರತ್ತು ಹಾಕಿದರೆ ಆಕೆ ಸುಳ್ಳು ಹೇಳಬೇಕಾಗುತ್ತದೆ. ಸುಳ್ಳು ಹೇಳಿದ ಮೇಲೆ ಕಷ್ಟ ಬಂದಾಗ ನಿಮಗೆ ಫೋನ್ ಮಾಡಲು ಹಿಂಜರಿಯುತ್ತಾಳೆ. ಆಡಳಿತ ಮಂಡಳಿಯಲ್ಲಿ ಈ ವೃತ್ತಿಯ ಅನುಭವ ಇರುವ ಕನಿಷ್ಠ ಇಬ್ಬರಾದರೂ ಇರಲಿ. ಒಬ್ಬರೇ ಇದ್ದರೆ ಉಳಿದವರ ಮಧ್ಯೆ ಬಾಯಿ ಬಿಡುವುದು ಕಷ್ಟ.

3. ನೋಂದಣಿ, ಮತ್ತು ಸಂಸ್ಥೆಯ ಹೆಸರು

ಮೂರು ದಾರಿಗಳಿವೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಟ್ರಸ್ಟ್ ಡೀಡ್ ನೋಂದಾಯಿಸುವುದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನರ ಸಂಘ ಮಾಡುವುದು, ಅಥವಾ ಕಂಪನಿ ಕಾಯ್ದೆಯ 8ನೇ ಕಲಮಿನ ಲಾಭರಹಿತ ಕಂಪನಿ. ಮಹಿಳೆಯರೇ ಸದಸ್ಯರಾಗಿ ಮತ ಹಾಕಬೇಕು ಎಂದಿದ್ದರೆ ಸಂಘವೇ ಒಳ್ಳೆಯದು. ಬೇಗ ಶುರು ಮಾಡಬೇಕಿದ್ದರೆ ಟ್ರಸ್ಟ್ ಸುಲಭ.

ನಂತರ ಪ್ಯಾನ್, ಬ್ಯಾಂಕ್ ಖಾತೆ, ಸಂಸ್ಥೆಗೂ ದಾನಿಗಳಿಗೂ ಆದಾಯ ತೆರಿಗೆ ವಿನಾಯಿತಿ ಸಿಗುವ ನೋಂದಣಿ (1961ರ ಕಾಯ್ದೆಯಲ್ಲಿ 12ಎಬಿ ಮತ್ತು 80ಜಿ), ಸರ್ಕಾರದ ಎನ್‌ಜಿಒ ದರ್ಪಣ್ ಪೋರ್ಟಲಿನ ಸಂಖ್ಯೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಬೇಕಿದ್ದರೆ ಸಿಎಸ್‌ಆರ್-1 ಅರ್ಜಿ. ವಿದೇಶದಲ್ಲಿರುವ ಕನ್ನಡಿಗರು ದುಡ್ಡು ಕಳಿಸುತ್ತೇವೆ ಅಂದರೆ ಅವರ ಪೌರತ್ವ ಕೇಳಿ. ಭಾರತೀಯ ಪಾಸ್‌ಪೋರ್ಟ್ ಇದ್ದವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಬೇಕು, ಅದು ಹೊಸ ಸಂಸ್ಥೆಗೆ ಕೂಡಲೇ ಸಿಗುವುದಿಲ್ಲ.

ಹೆಸರಿನ ಬಗ್ಗೆ ತುಂಬ ಯೋಚಿಸಿ. ಆಕೆಯ ತರಬೇತಿ ಪ್ರಮಾಣಪತ್ರದಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ, ಅನುಭವ ಪತ್ರದಲ್ಲಿ ಆ ಹೆಸರು ಬರುತ್ತದೆ. ‘ಪತಿತೆಯರ’, ‘ನೊಂದವರ’ ಅಂತೆಲ್ಲ ಇಟ್ಟರೆ ಪ್ರತಿ ಕಾಗದವೂ ಆಕೆಯ ಹಿಂದಿನ ಕಥೆ ಹೇಳುತ್ತದೆ. ಯಾವುದೇ ಸಾಮಾನ್ಯ ಕೌಶಲ್ಯ ಕೇಂದ್ರದ ಹೆಸರಿನಂತೆ ಇರಲಿ. ಕಚೇರಿಯ ಬೋರ್ಡೂ ಹಾಗೇ ಇರಲಿ.

ಮೊದಲ ವರ್ಷವೇ ಆಶ್ರಯ ಮನೆ ತೆರೆಯಬೇಡಿ. ರಕ್ಷಣಾ ಗೃಹ ನಡೆಸಲು 1956ರ ಕಾಯ್ದೆಯ 21ನೇ ಕಲಂ ಪ್ರಕಾರ ಪರವಾನಗಿ ಬೇಕು, ರಾತ್ರಿಹಗಲು ಸಿಬ್ಬಂದಿ ಬೇಕು. ತುರ್ತಿಗೆ ಸರ್ಕಾರದ ಶಕ್ತಿ ಸದನ, ಸಖಿ ಒನ್ ಸ್ಟಾಪ್ ಸೆಂಟರ್ ಇವೆ. ಕೆಲಸ ಸಿಕ್ಕವರಿಗೆ ಸಖಿ ನಿವಾಸ (ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್) ಅಥವಾ ಒಳ್ಳೆಯ ಪಿಜಿ ಸಾಕು. ಬಹುಪಾಲು ಮಹಿಳೆಯರಿಗೆ ಮನೆ, ಮಕ್ಕಳು ಇರುತ್ತಾರೆ. ಅವರಿಗೆ ಹಾಸ್ಟೆಲ್ ಬೇಕಿರುವುದಿಲ್ಲ, ಮುಂದಿನ ತಿಂಗಳ ಬಾಡಿಗೆ ಬೇಕಿರುತ್ತದೆ.

4. ಗುಟ್ಟು ಕಾಯುವ ವ್ಯವಸ್ಥೆ

ಮೊದಲ ಮಹಿಳೆ ಬರುವ ಮೊದಲೇ ಇದು ಸಿದ್ಧ ಇರಬೇಕು. ಕಡತದ ಮೇಲೆ ಹೆಸರಲ್ಲ, ಸಂಖ್ಯೆ. ಸಂಖ್ಯೆಗೆ ಹೆಸರು ಹೊಂದಿಸುವ ಪಟ್ಟಿ ಬೇರೆ ಕಡೆ, ಬೀಗದೊಳಗೆ, ಇಬ್ಬರ ಕೈಯಲ್ಲಿ ಮಾತ್ರ. ವಾಟ್ಸ್ಆ್ಯಪ್ ಗುಂಪು ಮಾಡಬೇಡಿ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ, ಒಂದು ಫೋನ್ ಗಂಡನ ಕೈಗೋ ಮಗನ ಕೈಗೋ ಸಿಕ್ಕರೆ ಎಲ್ಲರದ್ದೂ ಬಯಲು. ಕರೆ ಮಾಡಿದಾಗ ಬೇರೆಯವರು ಎತ್ತಿದರೆ ಏನು ಹೇಳಬೇಕು ಎಂದು ಆಕೆಯನ್ನೇ ಕೇಳಿ ಬರೆದಿಟ್ಟುಕೊಳ್ಳಿ. ‘ಟೈಲರಿಂಗ್ ಕ್ಲಾಸಿನಿಂದ ಅಕ್ಕ’ ಅಂತ ಹೇಳಿ ಅಂದರೆ ಹಾಗೇ ಹೇಳಿ.

ದಾನಿಗಳು ‘ಒಬ್ಬರನ್ನಾದರೂ ಮಾತಾಡಿಸಬೇಕು’ ಎಂದು ಕೇಳುತ್ತಾರೆ. ನಯವಾಗಿ ಬೇಡ ಅನ್ನಿ. ಮುಖ ಮಸುಕು ಮಾಡಿದ ಫೋಟೊ ಕೂಡ ಬೇಡ. ಸೀರೆ, ಬಳೆ, ಕೈಯ ಹಚ್ಚೆ ನೋಡಿ ಊರಿನವರು ಗುರುತು ಹಿಡಿಯುತ್ತಾರೆ.

ಸಿಬ್ಬಂದಿ 10 ಜನ ಆದ ಕೂಡಲೇ ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಕಡ್ಡಾಯ. ನನ್ನ ಮಾತು ಕೇಳಿದರೆ ಮೂವರಿದ್ದಾಗಲೇ ಮಾಡಿ, ಸಹಾಯ ಪಡೆಯುವ ಮಹಿಳೆಯರಿಗೂ ಅಲ್ಲಿ ದೂರು ಕೊಡುವ ಹಕ್ಕಿರಲಿ. ಸಹಾಯ ಮಾಡುವವರೇ ದುರುಪಯೋಗ ಮಾಡುವ ಅಪಾಯ ಈ ಕ್ಷೇತ್ರದಲ್ಲಿ ದೊಡ್ಡದು.

5. ಲೆಕ್ಕ: ಇಡೀ ಕೆಲಸ ನಿಂತಿರುವುದು ಇದರ ಮೇಲೆ

ಮೊದಲ ಭೇಟಿಗಳಲ್ಲಿ ‘ಹೇಗೆ ಬಂದೆ, ಯಾಕೆ ಬಂದೆ’ ಎಂದು ಕೆದಕಬೇಡಿ. ಆಕೆ ಹೇಳಿದರೆ ಕೇಳಿ. ಒಂದು ಹಾಳೆ ತೆಗೆದುಕೊಂಡು ತಿಂಗಳ ಖರ್ಚು ಬರೆಯಿರಿ.

ಉದಾಹರಣೆಗೆ ನಗರದಲ್ಲಿ ಎರಡು ಮಕ್ಕಳ ತಾಯಿ ಅಂದುಕೊಳ್ಳಿ. ಬಾಡಿಗೆ 6,000. ರೇಷನ್, ಗ್ಯಾಸು 5,000. ಮಕ್ಕಳಿಗೆ 3,000. ಊರಿನ ತಾಯಿಗೆ 4,000. ಸಾಲದ ಬಡ್ಡಿ 5,000. ಒಟ್ಟು 23,000. ತರಬೇತಿ ಮುಗಿಸಿ ಸಿಗುವ ಮೊದಲ ಕೆಲಸದ ಸಂಬಳ 14,000. ಈ 9,000 ರೂಪಾಯಿಯ ಅಂತರ ತುಂಬುವ ಯೋಜನೆ ಇಲ್ಲದಿದ್ದರೆ ತರಬೇತಿ ಶುರು ಮಾಡುವುದೇ ಬೇಡ.

ಅಂತರವನ್ನು ತುಂಡು ತುಂಡಾಗಿ ಕಡಿಮೆ ಮಾಡಬೇಕು. ಮೊದಲು ಸಾಲ. ಮೀಟರ್ ಬಡ್ಡಿ, ಕೈಸಾಲ, ಫೈನಾನ್ಸ್ ಕಂತು, ಚೀಟಿ ಬಾಕಿ ಎಲ್ಲವನ್ನೂ ಬರೆಸಿ. ಅಸಲಿಗಿಂತ ಜಾಸ್ತಿ ಕಟ್ಟಿದ್ದೂ ಬಾಕಿ ಹಾಗೇ ಇರುವ ಸಾಲಗಳು ಇರುತ್ತವೆ. ಅವುಗಳಿಗೆ ವಕೀಲರನ್ನು ಕೂರಿಸಿ ರಾಜಿ ಮಾಡಿಸಿ. ಉಳಿದದ್ದನ್ನು ಸ್ವಸಹಾಯ ಸಂಘದ ಕಡಿಮೆ ಬಡ್ಡಿಯ ಸಾಲಕ್ಕೆ ಬದಲಾಯಿಸಿ. ಕೋಲ್ಕತ್ತದ ಸೋನಾಗಾಚಿಯಲ್ಲಿ ಇದೇ ವೃತ್ತಿಯ ಮಹಿಳೆಯರು 1995ರಲ್ಲಿ ಉಷಾ ಎಂಬ ತಮ್ಮದೇ ಸಹಕಾರಿ ಸಂಘ ಕಟ್ಟಿದ್ದು ಈ ಕಾರಣಕ್ಕೇ. ಸದಸ್ಯರಿಗೆ ‘ಒಳ್ಳೆಯ ನಡತೆ’ ಇರಬೇಕು ಎಂಬ ಷರತ್ತು ಅಡ್ಡ ಬಂದಾಗ ಅವರು ಹೋರಾಡಿ ಅದನ್ನು ದಾಟಿದರು. ನಿಮ್ಮಲ್ಲೂ ಹತ್ತಿಪ್ಪತ್ತು ಮಹಿಳೆಯರಾದ ಮೇಲೆ ಉಳಿತಾಯ ಗುಂಪು ಶುರು ಮಾಡಿ.

ಸಾಲದ ಹೊರೆ 5,000ದಿಂದ 2,000ಕ್ಕೆ ಇಳಿದರೆ ಖರ್ಚು 20,000. ರೇಷನ್ ಕಾರ್ಡಿನಲ್ಲಿ ಆಕೆಯೇ ಯಜಮಾನಿ ಆಗಿದ್ದರೆ ಗೃಹಲಕ್ಷ್ಮಿಯ 2,000 ಬರುತ್ತದೆ. ಶಕ್ತಿ ಯೋಜನೆಯಿಂದ ಬಸ್ ಖರ್ಚು ಇಲ್ಲ. ಈಗ ಕೈಯಿಂದ ಬೇಕಿರುವುದು 18,000. ಮೊದಲ ಕೆಲಸದಲ್ಲಿ ಕೊರತೆ 4,000. ಇದನ್ನು ಒಂದು ವರ್ಷ ನಿಮ್ಮ ಸಂಸ್ಥೆ ತುಂಬಬಹುದು.

ಇನ್ನು ತರಬೇತಿಯ ಒಂದು ವರ್ಷ. ತಿಂಗಳಿಗೆ 10,000 ಭತ್ಯೆ ಅಂದರೆ 1,20,000. ಫೀಸು, ಪುಸ್ತಕ 40,000. ಕೆಲಸದ ಮೊದಲ ವರ್ಷದ ಕೊರತೆ 48,000. ಆಸ್ಪತ್ರೆ, ಮನೆ ಬದಲಾವಣೆಯಂಥ ತುರ್ತಿಗೆ 20,000. ಒಬ್ಬರಿಗೆ 2,28,000 ರೂಪಾಯಿ, ಸಿಬ್ಬಂದಿ ಸಂಬಳ ಬಿಟ್ಟು. ನಿಮ್ಮ ಹತ್ತಿರ 14 ಲಕ್ಷ ಇದ್ದರೆ ಆರು ಜನರನ್ನು ತೆಗೆದುಕೊಳ್ಳಿ. ಅರವತ್ತು ಜನರನ್ನು ತೆಗೆದುಕೊಂಡು ತಲೆಗೊಂದು ಹೊಲಿಗೆ ಯಂತ್ರ ಕೊಡಬೇಡಿ.

ತರಬೇತಿಯ ವರ್ಷದಲ್ಲಿ ಭತ್ಯೆ ಕಳೆದು ಉಳಿಯುವ 8,000ವನ್ನು ಆಕೆ ಎಲ್ಲಿಂದ ತರುತ್ತಾಳೆ? ಕೆಲವರು ಸಂಜೆ ಬೇರೆ ಕೆಲಸ ಹಿಡಿಯುತ್ತಾರೆ. ಕೆಲವರು ಹಳೆಯ ಕೆಲಸವನ್ನೇ ಅಷ್ಟಿಷ್ಟು ಮುಂದುವರಿಸುತ್ತಾರೆ. ಅದನ್ನು ಪತ್ತೆ ಹಚ್ಚಲು ಹೋಗಬೇಡಿ. ಅದು ತಪ್ಪಬೇಕು ಅನ್ನಿಸಿದರೆ ಭತ್ಯೆ ಜಾಸ್ತಿ ಮಾಡಿ.

ಮಕ್ಕಳ ವಿಷಯವನ್ನು ಇದೇ ಹಾಳೆಯಲ್ಲಿ ಸೇರಿಸಿ. ಸಂಜೆ ಮತ್ತು ರಾತ್ರಿ ಮಗು ಎಲ್ಲಿರುತ್ತದೆ ಎಂಬುದು ದೊಡ್ಡ ಪ್ರಶ್ನೆ. ಮುಂಬೈನ ಕಾಮಾಠಿಪುರದಲ್ಲಿ ಪ್ರೇರಣಾ ಸಂಸ್ಥೆ 1988ರಲ್ಲೇ ರಾತ್ರಿ ಶಿಶುಪಾಲನಾ ಕೇಂದ್ರ ತೆರೆದಿತ್ತು. ನಿಮ್ಮಲ್ಲಿ ಅಷ್ಟು ಆಗದಿದ್ದರೂ ತರಬೇತಿ ಹೊತ್ತಿಗೆ ನಂಬಿಕಸ್ತ ಆಯಾ ಒಬ್ಬರಿರಲಿ.

6. ಕಾಗದಪತ್ರ ಮತ್ತು ಹಳೆಯ ಕೇಸುಗಳು

ವಿಳಾಸದ ಪುರಾವೆ ಇಲ್ಲದವರಿಗೆ ಆಧಾರ್ ಮಾಡಿಸಲು ಸುಪ್ರೀಂ ಕೋರ್ಟಿನ 2022ರ ಆದೇಶ ದಾರಿ ಕೊಟ್ಟಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ (ನ್ಯಾಕೊ) ಗೆಜೆಟೆಡ್ ಅಧಿಕಾರಿ ಅಥವಾ ರಾಜ್ಯ ಏಡ್ಸ್ ಸೊಸೈಟಿಯ ಯೋಜನಾ ನಿರ್ದೇಶಕರು ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬಹುದು. ವೃತ್ತಿಯ ಗುರುತು ಹೇಳುವ ಯಾವ ಸಂಕೇತವೂ ಆಧಾರ್ ನೋಂದಣಿಯಲ್ಲಿ ಬರಬಾರದು ಎಂದೂ ಆದೇಶದಲ್ಲಿದೆ. ಆಧಾರ್ ಆದ ಮೇಲೆ ಪ್ಯಾನ್, ಬ್ಯಾಂಕ್ ಖಾತೆ, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರ ಒಂದೊಂದಾಗಿ ಆಗುತ್ತವೆ. ಎಲ್ಲದರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ನೋಡಿ. ಒಂದಕ್ಷರ ಬೇರೆ ಇದ್ದರೂ ಪಿಎಫ್ ಖಾತೆಯಲ್ಲಿ ತೊಂದರೆ ಬರುತ್ತದೆ.

ಹಳೆಯ ಕೇಸುಗಳನ್ನು ಮುಚ್ಚಿಡಬೇಡಿ ಎಂದು ಆಕೆಗೆ ಮೊದಲೇ ಹೇಳಿ. ಪೊಲೀಸ್ ಪರಿಶೀಲನೆ ಕೇಳುವ ಕೆಲಸಗಳಲ್ಲಿ ಬಾಕಿ ಇರುವ ಸಣ್ಣ ಕೇಸೂ ಮುಂದೆ ಬಂದು ನಿಲ್ಲುತ್ತದೆ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ, 15100ಕ್ಕೆ ಕರೆ ಮಾಡಿ. ಕೇಸು ಮುಗಿಯಲು ಸಮಯ ಬೇಕು. ಹಾಗಾಗಿ ತರಬೇತಿಯ ಮೊದಲ ವಾರವೇ ಈ ಕೆಲಸ ಶುರುವಾಗಲಿ.

ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದಲ್ಲಿ ‘ದಮನಿತ ಮಹಿಳೆಯರು’ ಎಂಬ ಹೆಸರಿನಡಿ ಚೇತನ ಯೋಜನೆ, ಎಚ್‌ಐವಿ ಇರುವವರಿಗೆ ಧನಶ್ರೀ ಯೋಜನೆ ಇವೆ. ಇವು ಸ್ವಂತ ಸಣ್ಣ ವ್ಯಾಪಾರಕ್ಕೆ ಕೊಡುವ ನೆರವು. ಮೊತ್ತ, ಅರ್ಜಿ ಹಾಕುವ ಕೊನೆಯ ದಿನ ಆಗಾಗ ಬದಲಾಗುತ್ತವೆ, ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಹಾಕಿದರೆ ಆ ಪಟ್ಟಿಯಲ್ಲಿ ಹೆಸರು ಬರುತ್ತದೆ ಎಂದು ಆಕೆಗೆ ತಿಳಿಸಿ, ಬೇಕೋ ಬೇಡವೋ ಆಕೆಯೇ ಹೇಳಲಿ.

7. ಆರೋಗ್ಯ

ದೇಹದ ತಪಾಸಣೆಗೆ ಸರ್ಕಾರಿ ಆಸ್ಪತ್ರೆ ಸಾಕು; ಎಚ್‌ಐವಿ ಪರೀಕ್ಷೆಗೆ ಐಸಿಟಿಸಿ, ಚಿಕಿತ್ಸೆಗೆ ಎಆರ್‌ಟಿ ಕೇಂದ್ರಗಳಿವೆ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ನಿದ್ದೆ ಬಾರದಿರುವುದು, ಕುಡಿತ, ತರಗತಿಯಲ್ಲಿ ಜೋರು ದನಿ ಕೇಳಿದರೆ ಬೆಚ್ಚುವುದು, ಇವನ್ನೆಲ್ಲ ಶಿಸ್ತಿನ ಸಮಸ್ಯೆ ಅಂದುಕೊಳ್ಳಬೇಡಿ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಕೇಳುವಂತಿಲ್ಲ. ಇದು ಆಕೆಗೂ ಗೊತ್ತಿರಲಿ.

8. ಓದು ಮತ್ತು ಉದ್ಯೋಗದ ಆಯ್ಕೆ

ಹತ್ತನೇ ತರಗತಿ ಆಗದಿದ್ದರೆ ಮೊದಲು ಅದು. ಎಸ್ಎಸ್ಎಲ್‌ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು, ಇಲ್ಲವೇ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಒಂದೊಂದೇ ವಿಷಯ ಮುಗಿಸಬಹುದು. ಪಿಯುಸಿ ಆದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪದವಿ ಇದೆ. ಓದು ಬಿಟ್ಟು ಹತ್ತು ಹದಿನೈದು ವರ್ಷ ಆದವರಿಗೆ ಗಣಿತ ಮತ್ತು ಇಂಗ್ಲಿಷ್ ಭಯ ಹುಟ್ಟಿಸುತ್ತವೆ. ಒಬ್ಬರಿಗೊಬ್ಬರು ಕೂತು ಕಲಿಸುವ ನಿವೃತ್ತ ಶಿಕ್ಷಕಿ ಸಿಕ್ಕರೆ ಬಿಡಬೇಡಿ.

ಉದ್ಯೋಗ ಆರಿಸುವಾಗ ಕೇಳಬೇಕಾದ್ದು ಒಂದೇ: ಮೂರು ವರ್ಷದಲ್ಲಿ ಈ ಕೆಲಸದ ಸಂಬಳ ಆಕೆಯ ಖರ್ಚಿನ ಹಾಳೆಯ ಒಟ್ಟು ಮೊತ್ತವನ್ನು ಮುಟ್ಟುತ್ತದಾ? ಲೆಕ್ಕಪತ್ರ ಮತ್ತು ಟ್ಯಾಲಿ, ಜಿಎಸ್‌ಟಿ ಕೆಲಸ, ಲ್ಯಾಬ್ ಟೆಕ್ನಿಷಿಯನ್, ನರ್ಸಿಂಗ್, ಆಸ್ಪತ್ರೆಯ ಬಿಲ್ಲಿಂಗ್, ಆಪ್ತ ಸಮಾಲೋಚಕಿ, ವಕೀಲರ ಕಚೇರಿ ಸಹಾಯಕಿ ಇಂಥವು ಮೇಲೆ ಏರುವ ದಾರಿ ಇರುವ ಕೆಲಸಗಳು. ಊದುಬತ್ತಿ, ಪೇಪರ್ ಬ್ಯಾಗು, ಹಪ್ಪಳ ಅಂಥವಲ್ಲ. ಸ್ವಂತ ಅಂಗಡಿಯ ಆಸೆ ಇರುವವರಿಗೆ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್, ಅದೇ ಮಾದರಿಯ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತವೆ. ಅಲ್ಲಿಗೆ ಬೇರೆಲ್ಲರಂತೆ ಸಾಮಾನ್ಯ ಅರ್ಜಿಯಲ್ಲೇ ಕಳಿಸಿ.

ಪೀರ್ ಎಜುಕೇಟರ್ ಆಗಿದ್ದವರ ಕೈಯಲ್ಲಿ ಈಗಾಗಲೇ ಅನುಭವ ಇದೆ. ದಾಖಲೆ ಬರೆದಿದ್ದಾರೆ, ಆಸ್ಪತ್ರೆಗೆ ಜನರನ್ನು ಕರೆದೊಯ್ದಿದ್ದಾರೆ, ಜಗಳ ಬಿಡಿಸಿದ್ದಾರೆ, ಅಧಿಕಾರಿಗಳ ಜೊತೆ ಮಾತಾಡಿದ್ದಾರೆ. ಇದನ್ನು ಸಮುದಾಯ ಆರೋಗ್ಯ ಕಾರ್ಯದ ಅನುಭವ ಎಂದು ಬಯೋಡೇಟಾದಲ್ಲಿ ಬರೆಯಿರಿ, ಅದು ನಿಜವೇ ಅಲ್ವಾ. ಉಳಿದವರಿಗೆ ಖಾಲಿ ವರ್ಷಗಳ ಪ್ರಶ್ನೆ ಬರುತ್ತದೆ. ‘ಮನೆ ಜವಾಬ್ದಾರಿ ಇತ್ತು, ಸ್ವಂತವಾಗಿ ದುಡಿಯುತ್ತಿದ್ದೆ, ಈಗ ಓದು ಮುಗಿಸಿದ್ದೇನೆ’ ಎಂಬ ಉತ್ತರ ಸಾಕು. ಸುಳ್ಳು ಅನುಭವ ಪತ್ರ ಮಾತ್ರ ಕೊಡಬೇಡಿ. ಸಿಕ್ಕಿಬಿದ್ದರೆ ಕೆಲಸ ಹೋಗುವುದು ಆಕೆಯದ್ದು.

9. ಕೆಲಸ ಕೊಡುವವರ ಜೊತೆ

ಆಕೆಯ ಲಿಖಿತ ಒಪ್ಪಿಗೆ ಇಲ್ಲದೆ ಆಕೆಯ ಹಿನ್ನೆಲೆಯನ್ನು ಯಾರಿಗೂ ಹೇಳಬೇಡಿ, ಒಳ್ಳೆಯ ಮನಸ್ಸಿನ ಎಚ್‌ಆರ್ ಅಧಿಕಾರಿಗೂ ಹೇಳಬೇಡಿ. ಅವರು ನಾಳೆ ಬೇರೆ ಕಂಪನಿಗೆ ಹೋಗುತ್ತಾರೆ, ಗುಟ್ಟು ಹಿಂದೆ ಉಳಿಯುತ್ತದೆ. ಎಲ್ಲರನ್ನೂ ಒಂದೇ ಕಡೆ ಸೇರಿಸಬೇಡಿ. ಒಬ್ಬರ ಗುರುತು ಸಿಕ್ಕರೆ ಉಳಿದವರದ್ದೂ ಸಿಗುತ್ತದೆ.

ಹಳೆಯ ಗಿರಾಕಿ ಒಬ್ಬ ಅದೇ ಕಚೇರಿಯಲ್ಲಿ ಎದುರಾದರೆ? ಇದು ನಡೆಯುವ ವಿಷಯ, ಮೊದಲೇ ಮಾತಾಡಿಕೊಳ್ಳಿ. ಆತ ಸುಮ್ಮನಿದ್ದರೆ ಆಕೆಯೂ ಅಪರಿಚಿತಳಂತೆ ಇರಬಹುದು. ಆತ ಬೆದರಿಸಿದರೆ ಅಥವಾ ಕರೆದರೆ ಅದು ಕಿರುಕುಳ. ಮೆಸೇಜುಗಳನ್ನು ಅಳಿಸಬಾರದು, ಅದೇ ದಿನ ನಿಮಗೆ ಫೋನ್ ಮಾಡಬೇಕು, ಕಂಪನಿಯ ಆಂತರಿಕ ಸಮಿತಿಗೆ ದೂರು ಕೊಡಬೇಕೇ ಎಂದು ವಕೀಲರ ಜೊತೆ ಕೂತು ನಿರ್ಧರಿಸಬೇಕು.

10. ಕೆಲಸ ಸಿಕ್ಕ ಮೇಲೆ

ಮೊದಲ ಮೂರು ತಿಂಗಳು ಕಷ್ಟ. ಮೊದಲು ದಿನದ ದುಡ್ಡು ದಿನವೇ ಕೈಗೆ ಬರುತ್ತಿತ್ತು. ಈಗ 30 ದಿನ ಕಾಯಬೇಕು. ಆದ್ದರಿಂದ ನಿಮ್ಮ 4,000ವನ್ನು ತಿಂಗಳಿಗೊಮ್ಮೆ ಕೊಡುವ ಬದಲು ವಾರಕ್ಕೆ 1,000ದಂತೆ ಕೊಡಿ. ಸಂಬಳದ ಚೀಟಿ ಓದುವುದು, ಪಿಎಫ್ ಕಡಿತ, ರಜೆ ಕೇಳುವುದು, ಮೇಲಧಿಕಾರಿ ಗದರಿದಾಗ ಏನು ಮಾಡಬೇಕು ಎಂಬುದನ್ನು ಕೂತು ಹೇಳಿಕೊಡಿ.

ದಾನಿಗಳಿಗೆ ಕೊಡುವ ವರದಿಯಲ್ಲಿ ಎಷ್ಟು ಜನರನ್ನು ‘ಪಾರು ಮಾಡಿದಿರಿ’ ಎಂಬ ಸಂಖ್ಯೆ ಬೇಡ. ಹನ್ನೆರಡು ತಿಂಗಳ ನಂತರವೂ ಉದ್ಯೋಗದಲ್ಲಿ ಇರುವವರು ಎಷ್ಟು, ಸಾಲ ಎಷ್ಟು ಇಳಿಯಿತು, ಉಳಿತಾಯ ಎಷ್ಟಾಯಿತು, ಮಕ್ಕಳು ಶಾಲೆಯಲ್ಲಿ ಇದ್ದಾರೆಯೇ ಎಂದು ಬರೆಯಿರಿ. ಬಿಟ್ಟುಹೋದವರ ಸಂಖ್ಯೆಯನ್ನೂ ಬರೆಯಿರಿ.

ಕೆಲವರು ಹಳೆಯ ಕೆಲಸಕ್ಕೆ ಮರಳುತ್ತಾರೆ. ತಾಯಿಗೆ ಆಪರೇಷನ್, ಗಂಡ ಬಿಟ್ಟುಹೋದದ್ದು, ಕಾರ್ಖಾನೆ ಮುಚ್ಚಿದ್ದು, ಕಾರಣ ಏನೇ ಇರಬಹುದು. ಅವರ ಕಡತ ಮುಚ್ಚಬೇಡಿ. ತಿಂಗಳಿಗೊಂದು ಫೋನ್ ಕರೆ ಮುಂದುವರಿಯಲಿ, ಮೊದಲಿನಿಂದ ಜೊತೆಗಿದ್ದ ಕಾರ್ಯಕರ್ತೆಯೇ ಮಾಡಲಿ. ಆಕೆ ಮತ್ತೆ ಬರುತ್ತೇನೆ ಅಂದ ದಿನ ಹೊಸ ಅರ್ಜಿ, ಹೊಸ ಸಂದರ್ಶನ ಬೇಡ. ಅದೇ ಖರ್ಚಿನ ಹಾಳೆ ತೆಗೆದು, ಬದಲಾದ ಅಂಕಿಗಳನ್ನು ಮಾತ್ರ ತಿದ್ದಿ.